ಸುವರ್ಣಕಮಲದ ಚಿತ್ರಗಳು ಮತ್ತು ಸಾಮಾನ್ಯ ನೋಡುಗ

ಪ್ರಶಸ್ತಿ ಪಡೆದ ಚಿತ್ರವೊಂದನ್ನು ನೋಡಿ ಹೊರಬಂದ ಸಾಮಾನ್ಯ ನೋಡುಗನು ತನಗೆ ಅನ್ನಿಸಿದುದನ್ನು ಹೇಳಲು ಹಿಂಜರಿಯುತ್ತಾನೆ. ಬೇಸರವಾಯಿತು ಎಂದರೆ ತನ್ನ ಅಭಿರುಚಿಯ ಮೇಲೆಯೇ ಮಾತು ಬಂದೀತೆಂಬ ಅಳುಕು. ಮೆಚ್ಚಿಗೆಯಾಯಿತು ಎಂದರೆ ಏಕೆ ಎಂದು ಯಾರಾದರೂ ಕೇಳಿಯಾರೆಂಬ ಭಯ. ಹೀಗಾಗಿ ‘ಚೆನ್ನಾಗಿದೆ, ಆದರೆ ಸ್ವಲ್ಪ ನಿಧಾನ’ ಎಂಬ ಸುರಕ್ಷಿತ ಮಾತೊಂದು ಹುಟ್ಟಿಕೊಂಡಿದೆ. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇದೇ ಅಳುಕು ಇನ್ನೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಚಿತ್ರಕ್ಕೆ ಸಂದ ಪ್ರಶಸ್ತಿಗಳ ಪಟ್ಟಿ ಮೊದಲು ಬರುತ್ತದೆ. ಅನಂತರ ನಿರ್ದೇಶಕರ ಸಂದರ್ಶನದ ಮಾತುಗಳು. ಅದಾದ ಮೇಲೆ ಮೂವರು ವಿಮರ್ಶಕರ ಅಭಿಪ್ರಾಯಗಳು. ಪ್ರಬಂಧ ಬರೆದವನು ಆ ಚಿತ್ರವನ್ನು ತನ್ನ ಎರಡು ಕಣ್ಣುಗಳಿಂದ ನೋಡಿದ್ದಾನೆ ಎಂಬುದಕ್ಕೆ ಒಂದು ಸಾಲಿನ ಪುರಾವೆಯೂ ಇರುವುದಿಲ್ಲ.

ಈ ಅಳುಕು ಕನ್ನಡದ ಪರಂಪರೆಗೆ ಹೊಂದುವಂಥದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರನ್ನು ಹೊಗಳುವಾಗ, ಪಟ್ಟಾಗಿ ಕುಳಿತು ಓದದಿದ್ದರೂ ಕಾವ್ಯಪ್ರಯೋಗದ ಗುಣದೋಷಗಳನ್ನು ಬಲ್ಲವರು ಎಂದೇ ಹೊಗಳಿತು. ಅತ್ತ ಕಾಶ್ಮೀರದ ಅಭಿನವಗುಪ್ತನ ‘ಸಹೃದಯ’ನಾದರೋ ಕಾವ್ಯಾಭ್ಯಾಸದಿಂದ ಮನಸ್ಸನ್ನು ಕನ್ನಡಿಯಂತೆ ತಿಕ್ಕಿ ತೊಳೆದುಕೊಂಡವನು, ಅಭ್ಯಾಸವಿಲ್ಲದವನಿಗೆ ಅಲ್ಲಿ ಪ್ರವೇಶವಿಲ್ಲ. ತರಗತಿಗಳಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಪಾಠ ಹೇಳುವುದುಂಟು. ಆದರೆ ಇವೆರಡೂ ಒಂದೇ ಅಲ್ಲ. ಚಲನಚಿತ್ರದ ವಿಷಯದಲ್ಲಂತೂ ಶ್ರೀವಿಜಯನ ಮಾತೇ ಹೆಚ್ಚು ಹೊಂದುತ್ತದೆ. ಚಿತ್ರವನ್ನು ನೋಡಲು ಅಕ್ಷರವೂ ಬೇಡ. ಹಾಗಿರುವಾಗ ಸಾಮಾನ್ಯ ನೋಡುಗನ ಅಭಿಪ್ರಾಯವನ್ನು ಗಂಭೀರವಾಗಿ ತೆಗೆದುಕೊಂಡು, ಹೆಸರಾಂತ ಕೆಲವು ಚಿತ್ರಗಳ ಮುಂದೆ ನಿಲ್ಲಿಸಿ ನೋಡುವುದು ಸಾಹಿತ್ಯದ ವಿದ್ಯಾರ್ಥಿಗೂ ಉಪಯುಕ್ತವೇ.

ಕನ್ನಡದ ಆರು ಚಿತ್ರಗಳು ಈವರೆಗೆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರೀಯ ಮನ್ನಣೆಯನ್ನು ಪಡೆದಿವೆ: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಇವುಗಳಲ್ಲಿ ಕೊನೆಯ ನಾಲ್ಕು ಗಿರೀಶ ಕಾಸರವಳ್ಳಿಯವರವು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆರೂ ಚಿತ್ರಗಳು ಕನ್ನಡದ ಕಥೆ ಕಾದಂಬರಿಗಳಿಂದಲೇ ಹುಟ್ಟಿದವು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಅನಂತಮೂರ್ತಿ ಎರಡು ಬಾರಿ, ಕಾರಂತ, ತೇಜಸ್ವಿ, ರಂ.ಶಾ. ಲೋಕಾಪುರ, ನಾ. ಡಿಸೋಜ ಒಂದೊಂದು ಬಾರಿ. ಇದು ಕನ್ನಡ ಸಾಹಿತ್ಯದ ಹೆಮ್ಮೆ ಸರಿಯೆ. ಅದರ ಜೊತೆಗೇ ಈ ಚಿತ್ರಗಳ ಮೇಲೆ ಒಂದು ಭಾರವೂ ಹೌದು. ಕಾದಂಬರಿಯನ್ನು ಓದಿದವನು ಚಿತ್ರವನ್ನು ನೋಡುವುದಿಲ್ಲ, ಕಾದಂಬರಿಯೊಡನೆ ತಾಳೆ ಹಾಕುತ್ತಾನೆ.

ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ಯಲ್ಲಿ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ, ಕೊಡ ಬೇಕಾಗಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಚಿನ್ನ ಬೇಕಾಗಿದ್ದವನು ಸುಮ್ಮನಿರುತ್ತಾನೆ. ದ್ರವ್ಯದಲ್ಲಿ ಉತ್ಪತ್ತಿ, ನಾಶ, ಸ್ಥಿತಿ ಮೂರೂ ಒಟ್ಟಿಗೇ ಇವೆ ಎಂಬುದನ್ನು ತೋರಿಸಲು ಆಚಾರ್ಯರು ಕೊಟ್ಟ ಉದಾಹರಣೆಯಿದು. ಕೃತಿಯೊಂದು ಚಿತ್ರವಾದಾಗಲೂ ಇಂಥ ಮೂವರು ನೋಡುಗರು ಇರುತ್ತಾರೆ. ಕನ್ನಡದ ಅಧ್ಯಾಪಕ ವರ್ಗ ಬಹುಮಟ್ಟಿಗೆ ಕೊಡಕ್ಕಾಗಿ ಅಳುವ ವರ್ಗ. ಚಿತ್ರೋತ್ಸವಗಳ ಮಂದಿ ಕಿರೀಟಕ್ಕೆ ಹಿಗ್ಗುವವರು. ಸಾಮಾನ್ಯ ನೋಡುಗನಿಗೆ ಕೊಡವಿತ್ತೆಂಬುದೇ ಗೊತ್ತಿರುವುದಿಲ್ಲ. ಮುಂದಿರುವುದು ಚಿನ್ನವೋ ಹಿತ್ತಾಳೆಯೋ ಎಂಬುದಷ್ಟೇ ಅವನ ಪ್ರಶ್ನೆ.

‘ಸಂಸ್ಕಾರ’ದಿಂದ ಆರಂಭಿಸಬಹುದು. 1965ರಲ್ಲಿ ಪ್ರಕಟವಾದ ಕಾದಂಬರಿ, 1970ರ ಚಿತ್ರ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ ಕಾರ್ನಾಡರ ಚಿತ್ರಕಥೆ, ಆಸ್ಟ್ರೇಲಿಯದ ಟಾಮ್ ಕೋವನ್ ಅವರ ಛಾಯಾಗ್ರಹಣ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಅದೇ ಚಿತ್ರಕ್ಕೆ ಮುಂದೆ ದೇಶದ ಅತ್ಯುನ್ನತ ಪ್ರಶಸ್ತಿ ಬಂದಿತು. ಈ ಇತಿಹಾಸವೇ ಚಿತ್ರಕ್ಕೆ ಒಂದು ಪ್ರಭಾವಳಿಯನ್ನು ಕಟ್ಟಿಕೊಟ್ಟಿದೆ. ಇತಿಹಾಸವನ್ನು ಬದಿಗಿಟ್ಟು ನೋಡಿದರೆ ಚಿತ್ರದ ಪೂರ್ವಾರ್ಧ ಇಂದಿಗೂ ಎದೆಯನ್ನು ಹಿಡಿದು ನಿಲ್ಲಿಸುತ್ತದೆ. ಅಗ್ರಹಾರದಲ್ಲೊಂದು ಹೆಣ ಬಿದ್ದಿದೆ. ಸಂಸ್ಕಾರ ಮಾಡುವವರಾರು ಎಂಬುದು ಇತ್ಯರ್ಥವಾಗುವವರೆಗೆ ಯಾರೂ ಊಟ ಮಾಡುವಂತಿಲ್ಲ. ಶಾಸ್ತ್ರದ ಪ್ರಶ್ನೆ, ಹಸಿವಿನ ಪ್ರಶ್ನೆ, ಚಂದ್ರಿಯ ಒಡವೆಯ ಪ್ರಶ್ನೆ ಮೂರೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಓಲೆಗರಿಯ ಪಂಡಿತರು ಬಿಡಿಸಲಾರದ ಗಂಟನ್ನು ಚಂದ್ರಿ ರಾತ್ರೋರಾತ್ರಿ ಹೆಣ ಸುಡಿಸಿ ಬಿಡಿಸಿಬಿಡುತ್ತಾಳೆ. ಸ್ನೇಹಲತಾ ರೆಡ್ಡಿಯವರ ಮುಖದಲ್ಲಿ ಆ ಕೆಲಸಕ್ಕೆ ಬೇಕಾದ ನಿರ್ಧಾರವೂ ಇದೆ, ದಣಿವೂ ಇದೆ. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿ 1977ರ ಜನವರಿಯಲ್ಲಿ ತೀರಿಕೊಂಡ ಆ ನಟಿಯ ಬದುಕನ್ನು ಬಲ್ಲವರಿಗೆ ಈ ಮುಖ ಇನ್ನೂ ಭಾರವಾಗಿ ಕಾಣುತ್ತದೆ. ಆದರೆ ಅದು ಚಿತ್ರದ ಹೊರಗಿನ ಮಾತು.

ಉತ್ತರಾರ್ಧದ ಬಗ್ಗೆ ಸಾಮಾನ್ಯ ನೋಡುಗನ ದೂರು ನ್ಯಾಯವಾದುದೇ. ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಅಲೆಯತೊಡಗಿದ ಮೇಲೆ ಕಾದಂಬರಿಯಲ್ಲಿ ನಡೆಯುವುದೆಲ್ಲ ಅವರ ಮನಸ್ಸಿನೊಳಗೆ. ಪುಟ್ಟನ ಹರಟೆ, ಜಾತ್ರೆ, ಕೋಳಿ ಅಂಕ ಇವೆಲ್ಲ ಆ ಒಳಗಿನ ತಳಮಳಕ್ಕೆ ಹೊರಗಿನ ಆಸರೆಗಳು ಮಾತ್ರ. ಕ್ಯಾಮೆರಾಕ್ಕೆ ಆಸರೆಗಳಷ್ಟೇ ಸಿಕ್ಕಿವೆ, ತಳಮಳ ಸಿಕ್ಕಿಲ್ಲ. ಕಾರ್ನಾಡರು ಆಗ ಮೂವತ್ತರ ಆಸುಪಾಸಿನವರು. ಸುಂದರ, ಚಿಂತಾಮಗ್ನ ಮುಖ. ವೇದಾಂತ ಶಿರೋಮಣಿಯಾಗಿ ಊರಿಗೆ ಊರೇ ತೀರ್ಪಿಗೆ ಕಾಯುವಷ್ಟು ಪಳಗಿದ ಪಂಡಿತನ ವಯಸ್ಸು ಆ ಮುಖದಲ್ಲಿಲ್ಲ. ಇಂಥ ಆಚಾರ್ಯರು ಚಂದ್ರಿಯೊಡನೆ ಕೂಡಿದಾಗ ನೋಡುಗನಿಗೆ ಆಶ್ಚರ್ಯವಾಗುವುದಿಲ್ಲ. ಕಾದಂಬರಿಯ ಮಧ್ಯದ ಸಿಡಿಲು ಚಿತ್ರದಲ್ಲಿ ಮಿಂಚಾಗಿಯಷ್ಟೇ ಉಳಿಯುತ್ತದೆ. ನಾರಣಪ್ಪನಾಗಿ ಲಂಕೇಶರು ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು. ಆದರೂ ಚಿತ್ರ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಗಂಡುದನಿ ಅದೇ.

‘ಚೋಮನ ದುಡಿ’ಯಲ್ಲಿ ಸಮಸ್ಯೆ ಬೇರೆಯದು. ಶಿವರಾಮ ಕಾರಂತರ ಕಾದಂಬರಿ ಬಂದುದು 1933ರಲ್ಲಿ; ಬಿ.ವಿ. ಕಾರಂತರ ಚಿತ್ರ 1975ರದು. ಚೋಮನಾಗಿ ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದುದು ಸರ್ವಥಾ ಯೋಗ್ಯವಾಗಿತ್ತು. ಕಾದಂಬರಿಯನ್ನು ಮೀರಿ ಚಿತ್ರ ಗೆದ್ದಿರುವ ಒಂದು ಸ್ಥಳವಿದೆ: ದುಡಿ. ಪುಸ್ತಕದಲ್ಲಿ ದುಡಿಯ ಬಡಿತವನ್ನು ಓದುಗ ಕಲ್ಪಿಸಿಕೊಳ್ಳಬೇಕು. ಚಿತ್ರದಲ್ಲಿ ಅದು ಕಿವಿಗೆ ಬೀಳುತ್ತದೆ. ರಂಗಸಂಗೀತದಲ್ಲಿ ಪಳಗಿದ ಬಿ.ವಿ. ಕಾರಂತರು ಆ ಬಡಿತವನ್ನು ಮಾತಿನ ಬದಲಿಗೆ ಬಳಸಿದ್ದಾರೆ. ಚೋಮನ ಸಿಟ್ಟು, ಆಸೆ, ಸೋಲು ಮೂರಕ್ಕೂ ಅವನಲ್ಲಿರುವುದು ಒಂದೇ ಭಾಷೆ. ಅದು ಚರ್ಮದ ಮೇಲೆ ಬೀಳುವ ಪೆಟ್ಟಿನ ಭಾಷೆ. ಭೂಮಿಯನ್ನು ಉಳುವ ಹಕ್ಕಿಲ್ಲದ ಮನುಷ್ಯನೊಬ್ಬ ಎತ್ತುಗಳನ್ನು ಕಾಡಿಗಟ್ಟಿ, ನೇಗಿಲನ್ನು ಮುರಿದು, ಬಾಗಿಲು ಮುಚ್ಚಿ ಕುಳಿತು ಬಾರಿಸುವ ಕೊನೆಯ ದೃಶ್ಯದಲ್ಲಿ ಯಾವ ವ್ಯಾಖ್ಯಾನವೂ ಬೇಕಾಗುವುದಿಲ್ಲ.

ಆದರೆ ಚೋಮ ಬಾಯಿ ತೆರೆದಾಗ ಒಂದು ಇರಿಸುಮುರಿಸು ಉಂಟಾಗುತ್ತದೆ. ಆ ಸೀಮೆಯ ಆಡುನುಡಿ ತುಳು. ಶಿವರಾಮ ಕಾರಂತರು ಕನ್ನಡದಲ್ಲಿ ಬರೆದಾಗ ಓದುಗನು ಅದನ್ನು ಕಥೆಗಾರನ ಭಾಷೆಯೆಂದು ಒಪ್ಪಿಕೊಳ್ಳುತ್ತಾನೆ. ಮುದ್ರಿತ ಪುಟಕ್ಕೆ ಆ ರಿಯಾಯಿತಿ ಸಹಜವಾಗಿಯೇ ಸಿಗುತ್ತದೆ. ಪಂಪನ ಅರ್ಜುನನು ಕನ್ನಡದಲ್ಲಿ ಮಾತನಾಡಿದರೆ ಯಾರಿಗೂ ತೊಡಕಾಗದು. ಚಿತ್ರಕ್ಕೆ ಆ ರಿಯಾಯಿತಿ ಸಿಗುವುದಿಲ್ಲ. ತೆಂಗು, ಗದ್ದೆ, ಗುಡಿಸಲು, ಮೈಬಣ್ಣ ಎಲ್ಲವೂ ನಿಜವಾಗಿರುವಾಗ ನುಡಿಯೊಂದು ಮಾತ್ರ ಬೇರೆ ಕಡೆಯದಾದರೆ ಕಿವಿ ಅದನ್ನು ಹಿಡಿದುಬಿಡುತ್ತದೆ. ಕರಾವಳಿಯ ಸಾಮಾನ್ಯ ನೋಡುಗನಿಗೆ ಇದು ಮೊದಲ ಹತ್ತು ನಿಮಿಷಗಳಲ್ಲೇ ಅನುಭವಕ್ಕೆ ಬರುತ್ತದೆ. ಸಾಹಿತ್ಯಕೃತಿ ಮತ್ತು ಚಿತ್ರಗಳ ನಡುವಣ ಸಂಬಂಧವನ್ನು ಕುರಿತ ಸಂಶೋಧನೆಗಳಲ್ಲಿ ಕಥಾವಸ್ತುವಿನ ಬದಲಾವಣೆಗಳನ್ನು ಪಟ್ಟಿ ಮಾಡುವ ಶ್ರಮದ ಒಂದು ಪಾಲನ್ನಾದರೂ ಈ ನುಡಿಯ ಪ್ರಶ್ನೆಗೆ ಮೀಸಲಿಡಬೇಕಾಗಿದೆ.

‘ತಬರನ ಕಥೆ’ಯನ್ನು ನೋಡಿದವರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ, ಔಷಧಿಯಿಲ್ಲದೆ ನವೆಯುವ ಹೆಂಡತಿ, ಚಾರುಹಾಸನರ ಅಭಿನಯ. ಸರ್ಕಾರಿ ಕಡತದ ಹಿಂದೆ ಅಲೆದವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ತೇಜಸ್ವಿಯವರ ಬರಹದಲ್ಲಿರುವ ಕುಹಕದ ನಗು ಚಿತ್ರದಲ್ಲಿ ಬತ್ತಿಹೋಗಿದೆ ಎಂಬುದೊಂದು ಕೊರತೆ. ‘ದ್ವೀಪ’ದಲ್ಲಿ ಮಳೆಯೇ ಮುಖ್ಯಪಾತ್ರ, ಸೌಂದರ್ಯ ಅವರ ನಾಗಿ ಎರಡನೆಯದು.

‘ಘಟಶ್ರಾದ್ಧ’ ಇವೆಲ್ಲಕ್ಕಿಂತ ಮೇಲಿನದು. 1977ರಲ್ಲಿ ತಯಾರಾದ ಈ ಚಿತ್ರ ಕಾಸರವಳ್ಳಿಯವರ ಮೊದಲ ಕಥಾಚಿತ್ರ ಎಂಬುದನ್ನು ನಂಬುವುದು ಕಷ್ಟ. ವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಅಗ್ರಹಾರ ಅವಳಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕುತ್ತದೆ. ಕಥೆಯನ್ನು ಹೀಗೆ ಎರಡು ವಾಕ್ಯದಲ್ಲಿ ಹೇಳಿದರೆ ಸಾಮಾಜಿಕ ಅನ್ಯಾಯದ ಇನ್ನೊಂದು ಚಿತ್ರವೆನಿಸುತ್ತದೆ. ಅದು ಹಾಗಾಗದಂತೆ ತಡೆದಿರುವುದು ಪಾಠಶಾಲೆಗೆ ಹೊಸದಾಗಿ ಸೇರಿದ ಬಾಲಕ ನಾಣಿಯ ಕಣ್ಣು. ಏನು ನಡೆಯುತ್ತಿದೆಯೆಂದು ಅವನಿಗೆ ತಿಳಿಯದು. ಆದರೆ ಏನೋ ನಡೆಯುತ್ತಿದೆಯೆಂದು ತಿಳಿದಿದೆ. ಹಿರಿಯರ ಪಿಸುಮಾತು, ದೊಡ್ಡ ಹುಡುಗರ ಕೀಟಲೆ, ರಾತ್ರಿಯ ಕಾಡಿನ ಸದ್ದು ಇವನ್ನೆಲ್ಲ ಅವನು ಕೂಡಿಸಿಕೊಳ್ಳುತ್ತ ಹೋದಂತೆ ನೋಡುಗನೂ ಕೂಡಿಸಿಕೊಳ್ಳುತ್ತಾನೆ. ಯಮುನಕ್ಕ ಹುತ್ತದೊಳಗೆ ಕೈಯಿಟ್ಟು ಸಾವಿಗೆ ಕಾಯುವ ದೃಶ್ಯದಲ್ಲಿ ಹುಡುಗನ ಭಯವೇ ನೋಡುಗನ ಭಯವಾಗುತ್ತದೆ. ‘ಸಂಸ್ಕಾರ’ದ ಉತ್ತರಾರ್ಧ ಸೋತದ್ದು ಒಳಮನಸ್ಸನ್ನು ತೋರಿಸಲಾಗದೆ, ‘ಘಟಶ್ರಾದ್ಧ’ ಗೆದ್ದದ್ದು ಒಳಮನಸ್ಸನ್ನು ತೋರಿಸುವ ಗೋಜಿಗೇ ಹೋಗದೆ. ಯಮುನಕ್ಕನ ಮನಸ್ಸಿನಲ್ಲಿ ಏನಿದೆಯೆಂದು ಚಿತ್ರ ಒಮ್ಮೆಯೂ ಹೇಳುವುದಿಲ್ಲ. ‘ನಿಧಾನ’ ಎಂಬ ದೂರು ಈ ಚಿತ್ರಕ್ಕೂ ಬರುತ್ತದೆ. ನಿಧಾನ ನಿಜ, ಆದರೆ ಮಗುವೊಂದು ಗೊತ್ತಿಲ್ಲದ ಸಂಗತಿಯನ್ನು ದಿಟ್ಟಿಸುವುದು ನಿಧಾನವಾಗಿಯೇ.

ಈ ಚಿತ್ರವನ್ನು ಇತ್ತೀಚೆಗೆ ಹೊಸದಾಗಿ ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ನೆರಳುಗಳನ್ನು ಸವೆದ ಪ್ರತಿಗಳಲ್ಲಿ ನೋಡಿ ಮಬ್ಬು ಎಂದುಕೊಂಡಿದ್ದವರಿಗೆ ಅದು ಮಬ್ಬಲ್ಲ, ಕತ್ತಲೆ ಎಂಬುದು ಈಗ ತಿಳಿಯಲಿದೆ. ಉಳಿದ ಚಿತ್ರಗಳ ಒಳ್ಳೆಯ ಪ್ರತಿಗಳು ವಿದ್ಯಾರ್ಥಿಗಳ ಕೈಗೆ ಸಿಗುವುದು ಇಂದಿಗೂ ಕಷ್ಟ. ಪಠ್ಯದಲ್ಲಿ ಹೆಸರಿದ್ದು ಕಣ್ಣಿಗೆ ಸಿಗದ ಚಿತ್ರವನ್ನು ಕುರಿತು ಪ್ರಶಸ್ತಿಗಳ ಪಟ್ಟಿಯನ್ನಲ್ಲದೆ ಬೇರೇನನ್ನು ಬರೆಯಲು ಸಾಧ್ಯ?

ಗಮನಿಸಬೇಕಾದ ಮಾತೊಂದಿದೆ. ಸಂಸ್ಕಾರ ಸತ್ತವನ ಸಂಸ್ಕಾರದ ಚಿತ್ರ; ಘಟಶ್ರಾದ್ಧ ಬದುಕಿರುವವಳ ಶ್ರಾದ್ಧದ ಚಿತ್ರ. ನಾಲ್ಕು ದಶಕಗಳ ಅನಂತರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿದ ಕನ್ನಡ ಚಿತ್ರದ ಹೆಸರು ‘ತಿಥಿ’. ಕನ್ನಡದ ಹೆಸರಾಂತ ಚಿತ್ರಗಳಿಗೆ ಸಾವಿನ ವಿಧಿಯ ಮೇಲೇಕೆ ಇಷ್ಟು ಕಣ್ಣು? ಸಮಾಜವೊಂದು ತನ್ನ ನಿಯಮಗಳನ್ನು ಜೋರಾಗಿ ಹೇಳಿಕೊಳ್ಳುವ ಸಂದರ್ಭ ಅದಾದ್ದರಿಂದ ಎಂದು ತೋರುತ್ತದೆ. ಮದುವೆಯಲ್ಲಿ ರಾಜಿಗೆ ಅವಕಾಶವಿದೆ, ಹೆಣದ ಮುಂದೆ ಇಲ್ಲ.

ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಬರವಣಿಗೆಯಲ್ಲಿ ರೂಪುಗೊಂಡ ‘ತಿಥಿ’ಯನ್ನು ಮಂಡ್ಯದ ನೋಡುಗನು ನಕ್ಕು ನಕ್ಕು ನೋಡಿದ, ಯಾರೂ ಅವನಿಗೆ ಇದು ಕಲಾತ್ಮಕ ಚಿತ್ರವೆಂದು ಮೊದಲೇ ಹೇಳಿರಲಿಲ್ಲವಾದ್ದರಿಂದ ಅವನಿಗೆ ಅಳುಕಿರಲಿಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ. ಹನ್ನೊಂದನೆಯ ದಿನದ ಊಟಕ್ಕೆ ಮೊಮ್ಮಗ ಸಾಲ ಮಾಡಬೇಕು, ಸಾಲ ತೀರಿಸಲು ಜಮೀನು ಮಾರಬೇಕು, ಜಮೀನು ಮಾರಲು ಅಲೆಮಾರಿ ಅಪ್ಪ ಗಡ್ಡಪ್ಪ ಸತ್ತಿದ್ದಾನೆಂದು ದಾಖಲೆ ಮಾಡಿಸಬೇಕು. ಬದುಕಿರುವವನನ್ನು ಕಾಗದದ ಮೇಲೆ ಸಾಯಿಸುವುದು ಘಟಶ್ರಾದ್ಧವಲ್ಲದೆ ಮತ್ತೇನು? ಆದರೆ ಯಮುನಕ್ಕನಿಗೆ ಅದು ನಾಶ, ಗಡ್ಡಪ್ಪನಿಗೆ ಬಿಡುಗಡೆ. ಕುರಿಗಾಹಿಗಳ ಜೊತೆ ಕುಳಿತು ಕುಡಿಯುತ್ತ ಕಥೆ ಹೇಳುವ ಈ ಮುದುಕನಿಗೆ ಆಸ್ತಿಯೂ ಬೇಡ, ಅಂತಸ್ತೂ ಬೇಡ. ಕೆಲವು ವಿಮರ್ಶಕರು ಇವನಲ್ಲಿ ವೈರಾಗ್ಯವನ್ನು ಕಂಡಿದ್ದಾರೆ. ಅದು ತುಸು ಹೆಚ್ಚಾಯಿತು. ಪರಿಗ್ರಹವಿಲ್ಲದಿರುವುದೇ ಅಪರಿಗ್ರಹವಲ್ಲ, ವ್ರತಕ್ಕೆ ಸಂಕಲ್ಪ ಬೇಕು. ಗಡ್ಡಪ್ಪ ಬಿಟ್ಟವನಲ್ಲ, ಹಿಡಿಯದೆ ಹೋದವನು. ಚಿತ್ರ ಇಷ್ಟನ್ನೇ ಹೇಳಿ ಸುಮ್ಮನಾಗಿರುವುದು ಅದರ ಗುಣ.

ಸಂಕಲ್ಪದ ಮಾತು ಬಂದುದರಿಂದ, ಕನ್ನಡದ್ದಲ್ಲದ ಒಂದು ಚಿತ್ರದತ್ತ ತಿರುಗುವುದು ಅಗತ್ಯ. ಆನಂದ್ ಗಾಂಧಿ ನಿರ್ದೇಶನದ ‘ಶಿಪ್ ಆಫ್ ಥೀಸಿಯಸ್’ 2013ರ ಜುಲೈಯಲ್ಲಿ ಭಾರತದಲ್ಲಿ ಬಿಡುಗಡೆಯಾಗಿ, ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಮೂರು ಕಥೆಗಳಿರುವ ಈ ಚಿತ್ರದ ನಡುವಣ ಕಥೆ ಮೈತ್ರೇಯನೆಂಬ ಮುನಿಯದು. ನೀರಜ್ ಕಬಿ ಅಭಿನಯಿಸಿದ್ದಾರೆ. ಔಷಧಿಗಳಿಗಾಗಿ ಪ್ರಾಣಿಗಳ ಮೇಲೆ ನಡೆಯುವ ಪ್ರಯೋಗಗಳ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುತ್ತಿರುವ ಮುನಿಗೆ ಯಕೃತ್ತಿನ ರೋಗ ಬರುತ್ತದೆ. ಗುಣವಾಗಬೇಕಾದರೆ ಅದೇ ಔಷಧಿಗಳನ್ನು ಸೇವಿಸಬೇಕು. ಮುನಿ ನಿರಾಕರಿಸಿ ಆಹಾರತ್ಯಾಗಕ್ಕೆ ತೊಡಗುತ್ತಾನೆ. ಆತನ ಪಂಥವನ್ನು ಚಿತ್ರ ಜೈನವೆಂದು ಹೆಸರಿಸುವುದಿಲ್ಲ, ಕಲ್ಪಿತ ಹೆಸರೊಂದನ್ನು ಕೊಡುತ್ತದೆ. ಆದರೆ ಆಚಾರ, ವಿಚಾರ, ಅಂತ್ಯದ ವ್ರತ ಎಲ್ಲವೂ ಬಹುಮಟ್ಟಿಗೆ ಜೈನವೇ.

ಈ ಚಿತ್ರವನ್ನು ಮೆಚ್ಚಿದವರು ಅದರ ದೃಶ್ಯವೈಭವವನ್ನು ಹೊಗಳಿದರು. ಗಾಳಿಯಂತ್ರಗಳ ಕೆಳಗೆ ಬಿಳಿಯ ಬಟ್ಟೆಯ ಮುನಿಗಳು ಸಾಲಾಗಿ ನಡೆದುಹೋಗುವ ದೃಶ್ಯ ನಿಜಕ್ಕೂ ಮರೆಯಲಾಗದು. ಮೆಚ್ಚದವರು ಮಾತು ಹೆಚ್ಚಾಯಿತೆಂದರು. ಚಾರ್ವಾಕನೆಂಬ ತರುಣ ವಕೀಲ ಮುನಿಯೊಡನೆ ನಡೆಸುವ ವಾದಗಳು ತರಗತಿಯ ಚರ್ಚಾಸ್ಪರ್ಧೆಯಂತಿವೆ ಎಂಬುದು ಅವರ ದೂರು. ಚಾರ್ವಾಕನಿಗೆ ಚಾರ್ವಾಕನೆಂದೇ ಹೆಸರಿಟ್ಟದ್ದು ಅತಿಯಾಯಿತೆಂಬುದನ್ನು ಒಪ್ಪಬೇಕು. ಆದರೆ ಇವೆರಡೂ ಚಿತ್ರದ ಮರ್ಮವನ್ನು ಮುಟ್ಟಿದ ಮಾತುಗಳಲ್ಲ.

ಮರ್ಮವಿರುವುದು ಸಲ್ಲೇಖನದ ಅಧಿಕಾರದ ಪ್ರಶ್ನೆಯಲ್ಲಿ. ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಬಂದೊದಗಿ ಅವಕ್ಕೆ ಪ್ರತೀಕಾರವಿಲ್ಲದಾಗ ಮಾತ್ರ ಧರ್ಮಕ್ಕಾಗಿ ದೇಹವನ್ನು ತ್ಯಜಿಸುವುದು ಸಲ್ಲೇಖನವೆಂದು ವಿಧಿಸಿದರು. ಪ್ರತೀಕಾರವಿಲ್ಲದಿರುವುದು ಇಲ್ಲಿಯ ಕೀಲು. ಮೈತ್ರೇಯನ ರೋಗಕ್ಕೆ ಪ್ರತೀಕಾರವಿದೆ. ಆದರೆ ಅದು ಆತನ ಅಹಿಂಸಾವ್ರತಕ್ಕೆ ವಿರುದ್ಧವಾದುದು. ವ್ರತಭಂಗದಿಂದ ಮಾತ್ರ ದೊರೆಯುವ ಪ್ರತೀಕಾರವನ್ನು ಪ್ರತೀಕಾರವೆಂದು ಎಣಿಸಬಹುದೆ? ಧರ್ಮವನ್ನು ಉಳಿಸಿಕೊಳ್ಳಲು ದೇಹವನ್ನು ಬಿಡುವುದು ಎಂಬ ಆಚಾರ್ಯರ ಮಾತಿನ ದಿಕ್ಕು ಮೈತ್ರೇಯನ ಪರವಾಗಿದೆ ಎಂದೇ ವಾದಿಸಬಹುದು. ಗೃಹಸ್ಥನಿಗಾದರೆ ಸಂಕಲ್ಪೀ ಹಿಂಸೆಯೊಂದನ್ನು ಬಿಟ್ಟರೆ ಸಾಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಅವನಿಗೆ ವಿನಾಯಿತಿಯಿದೆ. ಮಹಾವ್ರತಿಗೆ ಆ ವಿನಾಯಿತಿಯಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಜನ್ಮಜನ್ಮಾಂತರಗಳ ಬವಣೆಗೆ ಬಿದ್ದ ಯಶೋಧರನ ಕಥೆಯನ್ನು ಜನ್ನನ ಕಾವ್ಯದಲ್ಲಿ ಓದಿದ ಕನ್ನಡ ವಿದ್ಯಾರ್ಥಿಗೆ, ಬೇರೊಬ್ಬರು ಎಂದೋ ಮಾಡಿದ ಪ್ರಾಣಿಹಿಂಸೆಯ ಫಲವಾದ ಗುಳಿಗೆಯನ್ನು ನುಂಗುವುದರಲ್ಲಿ ಸಂಕಲ್ಪವಿದೆಯೆ ಎಂಬ ಪ್ರಶ್ನೆ ಹೊಸದಾಗಿ ಕಾಣದು. ಇಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ಭಾರತದ ಬೇರೊಂದು ಕಥಾಚಿತ್ರ ಎತ್ತಿದ್ದು ಅಪರೂಪ.

ಕೊನೆಗೆ ಮೈತ್ರೇಯ ಚಿಕಿತ್ಸೆಗೆ ಒಪ್ಪುತ್ತಾನೆ. ಜೈನ ನೋಡುಗರಲ್ಲಿ ಅನೇಕರಿಗೆ ಇದು ನೋವುಂಟುಮಾಡಿದೆ. ವ್ರತದ ಸೋಲನ್ನು ತೋರಿಸಲೆಂದೇ ಚಿತ್ರ ಹೊರಟಿತೆಂದು ಅವರ ಆಕ್ಷೇಪ. ಆದರೆ ಶಾಸ್ತ್ರಕಾರರು ಈ ಸೋಲನ್ನು ಅರಿಯದವರಾಗಿರಲಿಲ್ಲ. ‘ತತ್ತ್ವಾರ್ಥಸೂತ್ರ’ವು ಸಲ್ಲೇಖನದ ಅತಿಚಾರಗಳನ್ನು ಹೇಳುವಾಗ ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರರ ಮೇಲಣ ಪ್ರೀತಿ, ಹಿಂದಿನ ಸುಖದ ನೆನಪು, ಮುಂದಿನ ಫಲದ ಬಯಕೆ ಎಂದು ಐದನ್ನು ಎಣಿಸಿತು. ಬದುಕುವ ಆಸೆಯೇ ಪಟ್ಟಿಯ ಮೊದಲಲ್ಲಿದೆ. ಅದು ಬಾರದೆಂದಿದ್ದರೆ ಪಟ್ಟಿ ಮಾಡುವ ಅಗತ್ಯವೇ ಇರಲಿಲ್ಲ. ಆದ್ದರಿಂದಲೇ ಕ್ಷಪಕನ ಬಳಿ ನಿರ್ಯಾಪಕಾಚಾರ್ಯನಿರಬೇಕೆಂಬ ವ್ಯವಸ್ಥೆ. ಆತನ ಮನಸ್ಸು ಕುಗ್ಗದಂತೆ ಮಹಾಪುರುಷರ ಕಥೆಗಳನ್ನು ಹೇಳುತ್ತಿರಬೇಕೆಂಬ ವಿಧಿ. ಕನ್ನಡದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಮೂಲಪ್ರಯೋಜನವೇ ಅದಾಗಿತ್ತು. ಸುಕುಮಾರಸ್ವಾಮಿಯ ಮೈಯನ್ನು ನರಿ ತನ್ನ ಮರಿಗಳೊಡನೆ ತಿನ್ನುತ್ತಿದ್ದರೂ ಆತ ಅಲುಗಲಿಲ್ಲ ಎಂಬ ಕಥೆಯನ್ನು, ಅಲುಗುವ ಭಯವಿದ್ದವನ ಕಿವಿಯಲ್ಲಿ ಹೇಳಲಾಗುತ್ತಿತ್ತು. ಮೈತ್ರೇಯನ ಕಿವಿಯಲ್ಲಿ ಹೆಚ್ಚು ಮಾತನಾಡಿದವನು ಚಾರ್ವಾಕ. ಚಿತ್ರದ ನಿಜವಾದ ಕೊರತೆಯಿರುವುದು ಇಲ್ಲಿ. ವ್ರತವನ್ನು ಒಬ್ಬ ಮನುಷ್ಯನ ಬುದ್ಧಿಯ ನಿಲುವೆಂದು ಅದು ಗ್ರಹಿಸಿತು. ಸಂಘವೊಂದು ಕೂಡಿ ಹೊರುವ ಭಾರವೆಂದು ಗ್ರಹಿಸಲಿಲ್ಲ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ನಿಸಿದಿಗಳ ನಡುವೆ ಒಮ್ಮೆ ನಡೆದಾಡಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ: ಅಲ್ಲಿ ಮುಡಿಪಿದವರ ಹೆಸರಿನ ಜೊತೆಗೆ ಗುರುವಿನ ಹೆಸರು, ಗಣದ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಸಾಮಾನ್ಯವಾಗಿ ಇರುತ್ತವೆ.

ಚಿತ್ರ ಬಿಡುಗಡೆಯಾದ ಎರಡು ವರ್ಷಗಳ ಮೇಲೆ ಈ ಪ್ರಶ್ನೆಗೆ ತೆರೆಯ ಹೊರಗೆ ನ್ಯಾಯಾಲಯದ ತೀರ್ಪೂ ಬಂದಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಗೆ ಸಮನಾಗಿ ಪರಿಗಣಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಆ ದಿನಗಳ ಪತ್ರಿಕಾಲೇಖನಗಳಲ್ಲಿ ಬಹುಪಾಲು ವ್ರತವನ್ನು ವ್ಯಕ್ತಿಯ ಹಕ್ಕೆಂದೋ ವ್ಯಕ್ತಿಯ ಮೇಲಣ ಒತ್ತಾಯವೆಂದೋ ನೋಡಿದವು. ಚಿತ್ರ ಮಾಡಿದ ತಪ್ಪನ್ನೇ ಅವೂ ಮಾಡಿದವು ಎನ್ನಬೇಕು.

ಚಿತ್ರದ ಹೆಸರಿನ ಒಗಟು ಗ್ರೀಕರದು: ಹಡಗಿನ ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಮೇಲೆ ಅದು ಅದೇ ಹಡಗೆ? ಕೊಡ ಕಿರೀಟಗಳ ದೃಷ್ಟಾಂತ ಬಲ್ಲವರಿಗೆ ಇದು ಒಗಟೆನಿಸದು; ಹೌದೆಂದರೂ ಅಲ್ಲವೆಂದರೂ ಏಕಾಂತವಾಗುತ್ತದೆ, ಅಷ್ಟೆ. ಜೈನಮುನಿಯಂಥವನನ್ನು ನಡುವೆ ನಿಲ್ಲಿಸಿಕೊಂಡೂ ಚಿತ್ರ ಈ ಉತ್ತರವನ್ನು ಆತನ ಬಾಯಿಂದ ಆಡಿಸದೆ ಹೋದುದು ಆಶ್ಚರ್ಯ.

ಅನೇಕಾಂತದ ಹೆಸರು ಚಿತ್ರವಿಮರ್ಶೆಯಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಇನ್ನೊಂದು ಕೃತಿಯ ಜೊತೆಗೆ. ಅದು ಅಕಿರ ಕುರೊಸಾವ ಅವರ ‘ರಾಶೊಮನ್’, 1950ರದು. ಮರುವರ್ಷ ವೆನಿಸ್ಸಿನಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಕಾಡಿನಲ್ಲೊಬ್ಬ ಸಮುರಾಯ್ ಸತ್ತಿದ್ದಾನೆ. ಡಕಾಯಿತ, ಹೆಂಡತಿ, ಸತ್ತವನ ಆತ್ಮ, ಮರ ಕಡಿಯುವವನು ನಾಲ್ವರೂ ನಾಲ್ಕು ಬಗೆಯಾಗಿ ಹೇಳುತ್ತಾರೆ. ಸತ್ಯ ಒಬ್ಬೊಬ್ಬರಿಗೆ ಒಂದೊಂದು ಬಗೆ, ಇದೇ ಅನೇಕಾಂತ, ಇದೇ ಸ್ಯಾದ್ವಾದ ಎಂದು ಕುರುಡರು ಆನೆಯನ್ನು ಮುಟ್ಟಿದ ಕಥೆಯ ಜೊತೆ ಸೇರಿಸಿ ಹೇಳುವುದು ರೂಢಿಯಾಗಿದೆ. ಚಿತ್ರವನ್ನು ಗಮನವಿಟ್ಟು ನೋಡಿದರೆ ಈ ಹೋಲಿಕೆ ನಿಲ್ಲುವುದಿಲ್ಲ. ಆನೆಯ ಕಾಲನ್ನು ಮುಟ್ಟಿ ಕಂಬವೆಂದ ಕುರುಡ ಸುಳ್ಳು ಹೇಳಲಿಲ್ಲ, ಮುಟ್ಟಿದ್ದನ್ನು ಹೇಳಿದ. ಅವನ ಮಾತು ಒಂದು ನಯ. ‘ರಾಶೊಮನ್’ನಲ್ಲಿ ಒಂದೇ ಘಟನೆಯನ್ನು ಎಲ್ಲರೂ ಪೂರ್ತಿಯಾಗಿಯೇ ಕಂಡವರು, ಕಂಡೂ ಬೇರೆ ಹೇಳುತ್ತಿದ್ದಾರೆ. ಅದು ಮೃಷಾವಾದ. ಸುಳ್ಳುಗಳನ್ನು ಕೂಡಿಸಿದರೆ ಅನೇಕಾಂತವಾಗುವುದಿಲ್ಲ.

ಹಾಗಾದರೆ ಅವರೇಕೆ ಸುಳ್ಳು ಹೇಳುತ್ತಾರೆ? ಶಿಕ್ಷೆ ತಪ್ಪಿಸಿಕೊಳ್ಳಲು ಅಲ್ಲ ಎಂಬುದು ಈ ಚಿತ್ರದ ವಿಚಿತ್ರ. ಡಕಾಯಿತ ತಾನೇ ಕೊಂದೆನೆನ್ನುತ್ತಾನೆ. ಹೆಂಡತಿಯ ಮಾತು ತನ್ನ ಕೈಯ ಕಠಾರಿಯತ್ತಲೇ ಬೆರಳು ಮಾಡುತ್ತದೆ. ಸತ್ತವನು ತಾನೇ ಇರಿದುಕೊಂಡೆನೆನ್ನುತ್ತಾನೆ. ಮೂವರೂ ಸಾವಿನ ಹೊಣೆಯನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಒಬ್ಬ ವೀರನಾಗಿ, ಒಬ್ಬಳು ನೊಂದ ಸತಿಯಾಗಿ, ಒಬ್ಬ ಮಾನಧನನಾಗಿ ಕಾಣಬೇಕೆಂಬ ಹಟದಿಂದ. ಜೈನ ಪರಿಭಾಷೆಯಲ್ಲಿ ಇದಕ್ಕೆ ಖಚಿತವಾದ ಹೆಸರಿದೆ: ಮಾನಕಷಾಯ. ನಾಲ್ಕನೆಯವನಾದ ಮರ ಕಡಿಯುವವನು ಮುಚ್ಚಿಟ್ಟದ್ದು ಬೆಲೆಬಾಳುವ ಕಠಾರಿಯನ್ನು ಕದ್ದ ಸಂಗತಿಯನ್ನು, ಅವನದು ಲೋಭ. ‘ರಾಶೊಮನ್’ ಅನೇಕಾಂತದ ಚಿತ್ರವಲ್ಲ, ಕಷಾಯಗಳ ಚಿತ್ರ. ಹೀಗೆ ನೋಡಿದಾಗ ಅದರ ಬೆಲೆ ಕಡಿಮೆಯಾಗುವುದೂ ಇಲ್ಲ. ಸತ್ಯವೇ ಇಲ್ಲ ಎಂಬ ಅಗ್ಗದ ತೀರ್ಮಾನದಿಂದ ಚಿತ್ರ ಪಾರಾಗುತ್ತದೆ. ಸತ್ಯವಿದೆ, ಅದನ್ನು ಹೇಳುವ ನಾಲಗೆಯ ಮೇಲೆ ಅಂಟು ಕುಳಿತಿದೆ.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ‘ರಾಶೊಮನ್’ನ ಹೆಸರು ಮತ್ತೆ ಮತ್ತೆ ಕೇಳಿಬಂದಿತು. ಮಲ್ಪೆಯ ಕಡಲತೀರ, ಹುಲಿವೇಷ, ಮೀನಿನ ಬುಟ್ಟಿ, ರಿಚ್ಚಿ ಎಂಬ ಪುಂಡನ ಸುತ್ತ ಹಲವರ ಮಾತುಗಳು. ಚಿತ್ರಮಂದಿರದಲ್ಲಿ ಹೆಚ್ಚು ಕಾಲ ನಿಲ್ಲದೆ ಅನಂತರ ತರುಣರ ನಡುವೆ ಹೆಸರಾದ ಚಿತ್ರವಿದು. ತಾಂತ್ರಿಕವಾಗಿ ಇದು ಕುರೊಸಾವ ಅವರ ಚಿತ್ರದ ಎತ್ತರದಲ್ಲಿಲ್ಲ. ದ್ವಿತೀಯಾರ್ಧದ ನಿಧಾನಗತಿಯ ಚಲನೆಗಳು ತಮ್ಮ ಚೆಲುವನ್ನು ತಾವೇ ನೋಡಿಕೊಳ್ಳುತ್ತವೆ. ಆದರೆ ಇಲ್ಲಿಯ ಪಾತ್ರಗಳು ಬಹುಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಒಬ್ಬೊಬ್ಬರು ಒಂದೊಂದು ತುಣುಕನ್ನು ಕಂಡಿದ್ದಾರೆ, ಕಂಡಷ್ಟನ್ನು ಹೇಳುತ್ತಾರೆ. ಒಬ್ಬರ ಕಥೆಯಲ್ಲಿ ಹಿನ್ನೆಲೆಯಾಗಿದ್ದ ಸಂಗತಿ ಇನ್ನೊಬ್ಬರ ಕಥೆಯಲ್ಲಿ ಮುನ್ನೆಲೆಗೆ ಬರುತ್ತದೆ. ನಯವಾದವನ್ನು ತರಗತಿಯಲ್ಲಿ ವಿವರಿಸಲು ಜಪಾನಿನ ಕಾಡಿಗಿಂತ ಮಲ್ಪೆಯ ಬಂದರು ಹೆಚ್ಚು ನೆರವಾದೀತು. ಚಿತ್ರದ ಶೀರ್ಷಿಕೆಯಲ್ಲಿಯೇ ಇರುವ ‘ಕಂಡಂತೆ’ ಎಂಬ ಪದವನ್ನು ‘ಸ್ಯಾತ್’ ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ ವಿದ್ಯಾರ್ಥಿಗಳಿಗೆ ಅರ್ಧ ಗಂಟೆಯ ಉಪನ್ಯಾಸ ಉಳಿಯುತ್ತದೆ.

‘ರಾಶೊಮನ್’ನ ಕೊನೆಯ ಬಗ್ಗೆ ಸಾಮಾನ್ಯ ನೋಡುಗನದೊಂದು ತಕರಾರು ಉಳಿಯುತ್ತದೆ. ಅನಾಥ ಕೂಸನ್ನು ಎತ್ತಿಕೊಂಡು ಮರ ಕಡಿಯುವವನು ಹೊರಟುಹೋಗುತ್ತಾನೆ, ಮಳೆ ನಿಲ್ಲುತ್ತದೆ. ಅದುವರೆಗೆ ಯಾರನ್ನೂ ನಂಬಬೇಡವೆಂದ ಚಿತ್ರ ಒಂದು ಕೂಸನ್ನು ತೋರಿಸಿ ಎಲ್ಲರನ್ನೂ ನಂಬು ಎನ್ನುವುದು ಸಲೀಸಾಯಿತೆಂದು ಅವನಿಗೆ ಅನ್ನಿಸುತ್ತದೆ. ಪಂಡಿತರು ಇದನ್ನು ಮಾನವತಾವಾದವೆಂದು ಕೊಂಡಾಡಿದ್ದಾರೆ. ಈ ಒಂದು ವಿಷಯದಲ್ಲಿ ಪಂಡಿತರ ಕಡೆಗೇ ತೂಕ ಹೆಚ್ಚು. ಕಠಾರಿ ಕದ್ದವನಿಗೆ ಆಗಲೇ ಆರು ಮಕ್ಕಳಿದ್ದಾರೆ; ಏಳನೆಯದನ್ನು ಕಳ್ಳನೇ ಒಯ್ಯುತ್ತಿದ್ದಾನೆ. ಅವನು ಕಠಾರಿಯನ್ನು ಹಿಂದಿರುಗಿಸಿದನೆಂದು ಕುರೊಸಾವ ಹೇಳಿಲ್ಲ.